ಅಂಕ ಎಲ್ಲಿ ಸೋರುತ್ತಿದೆ? ವಾರಾಂತ್ಯದ ಬಿಲ್ಲುಗಾರರಿಗೆ ಒಂದಿಷ್ಟು ಲೆಕ್ಕ

ಪುಣೆಯಲ್ಲಿ ಬಿಲ್ಲು ಹಿಡಿಯುವ ನಮ್ಮ ಕಡೆಯವರು ಈಗ ಕಡಿಮೆ ಏನಿಲ್ಲ. ಹಿಂಜೇವಾಡಿಯ ಸಾಫ್ಟ್‌ವೇರ್ ಕೆಲಸದವರು, ಮಗಳನ್ನು ಕ್ಲಾಸಿಗೆ ಬಿಡೋಕೆ ಬಂದು ತಾವೂ ಕಲಿತುಬಿಟ್ಟ ಅಪ್ಪಂದಿರು, ರಿಟೈರ್ ಆದ ಮೇಲೆ ಬೆಳಗ್ಗೆ ಮೈದಾನಕ್ಕೆ ಬರುವ ಧಾರವಾಡ, ಬೆಳಗಾವಿ ಕಡೆಯ ಹಿರಿಯರು. ಎಲ್ಲರ ಬಾಯಲ್ಲೂ ಒಂದೇ ಮಾತು. ಶುರುವಿನಲ್ಲಿ ಸ್ಕೋರ್ ಸರಸರ ಏರಿತು, ಆಮೇಲೆ ಒಂದು ಕಡೆ ನಿಂತಿದ್ದು ಅಲ್ಲಾಡುತ್ತಲೇ ಇಲ್ಲ. ಆಗ ಹೆಚ್ಚಿನವರು ಹೊಸ ಬಿಲ್ಲು ಕೊಳ್ಳುತ್ತಾರೆ, ಇಲ್ಲವೇ ಇನ್ನೂ ಜಾಸ್ತಿ ಬಾಣ ಬಿಡುತ್ತಾರೆ. ಎರಡಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅಂಕ ಎಲ್ಲಿ ಹೋಗುತ್ತಿದೆ ಅಂತ ಕೂತು ನೋಡಬೇಕು.

ಇಲ್ಲಿ ಹೇಳುವುದೆಲ್ಲ ಸೈಟ್ (ಗುರಿ ಹಿಡಿಯಲು ಬಿಲ್ಲಿಗೆ ಹಾಕುವ ಸಾಧನ) ಇರುವ ರಿಕರ್ವ್ ಬಿಲ್ಲಿಗೆ, ಅಂದರೆ ತುದಿಗಳು ಮುಂದಕ್ಕೆ ಬಾಗಿದ ಬಿಲ್ಲಿಗೆ, ಬಲಗೈಯಲ್ಲಿ ಎಳೆಯುವವರಿಗೆ. ಎಡಗೈಯವರು ಎಡ-ಬಲವನ್ನು ತಿರುಗಿಸಿಕೊಂಡು ಓದಿ. ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲಿನವರಿಗೂ ಅರ್ಧಕ್ಕಿಂತ ಹೆಚ್ಚು ಹೊಂದುತ್ತದೆ.

ಮಳೆಗಾಲದಲ್ಲಿ ನಾವು ಹೆಚ್ಚಾಗಿ ಆಡುವುದು ಒಳಾಂಗಣದ 18 ಮೀಟರ್. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 40 ಸೆಂಟಿಮೀಟರ್ ಅಗಲದ ಕಾಗದದ ಮುಖ, ಹತ್ತು ಉಂಗುರ. ನಡುವಿನ ಹಳದಿಯಲ್ಲಿ 10 ಮತ್ತು 9, ಆಮೇಲೆ ಕೆಂಪು, ನೀಲಿ, ಕಪ್ಪು, ಬಿಳಿ. 10ರ ವೃತ್ತದ ಅಗಲ 4 ಸೆಂಟಿಮೀಟರ್. ಅಲ್ಲಿಂದ ಹೊರಗೆ ಪ್ರತಿ ಉಂಗುರವೂ 2 ಸೆಂಟಿಮೀಟರ್ ಅಗಲ. 60 ಬಾಣ, ಒಟ್ಟು 600 ಅಂಕ.

ಈಗ 480 ಹೊಡೆಯುವ ಒಬ್ಬರ ಹಾಳೆ ಹೀಗಿದೆ ಅಂದುಕೊಳ್ಳಿ: 10 ಬಾಣ 10ಕ್ಕೆ, 16 ಬಾಣ 9ಕ್ಕೆ, 14 ಬಾಣ 8ಕ್ಕೆ, 12 ಬಾಣ 7ಕ್ಕೆ. ಇಲ್ಲಿಗೆ 52 ಬಾಣ, 440 ಅಂಕ. ಉಳಿದ 8 ಬಾಣ ದಾರಿ ತಪ್ಪಿದವು. 6, 6, 6, 5, 5, 5, 4, 3. ಅವು ಕೊಟ್ಟಿದ್ದು 40. ಈ ಎಂಟೂ ಬಾಣ ಸುಮ್ನೆ 7ರಲ್ಲಿ ಬಿದ್ದಿದ್ದರೂ ಸಾಕಿತ್ತು, ಸ್ಕೋರ್ 496 ಆಗುತ್ತಿತ್ತು. ಅದೇ 16 ಅಂಕವನ್ನು ಮೇಲಿನ ಕಡೆಯಿಂದ ತರಬೇಕಾದರೆ? ಇರುವ ಹದಿನಾರೂ 9ಗಳನ್ನು 10 ಮಾಡಬೇಕು. ಯಾವುದು ಸುಲಭ ಅಂತ ನೀವೇ ಹೇಳಿ.

ಮೈದಾನದಲ್ಲಿ ನಾವು ಚಪ್ಪಾಳೆ ತಟ್ಟುವುದು 10ಕ್ಕೆ, ಫೋಟೋ ತೆಗೆಯುವುದೂ 10ರದ್ದೇ. ಆದರೆ ವಾರಾಂತ್ಯದ ಬಿಲ್ಲುಗಾರನ ಸ್ಕೋರನ್ನು ಎಳೆದು ಕೆಳಗೆ ಇಡುವುದು ಆ ಎಂಟು ಬಾಣ. ಅಭ್ಯಾಸ, ಉಪಕರಣ, ಸ್ಪರ್ಧೆಯ ದಿನದ ತಯಾರಿ, ಎಲ್ಲವನ್ನೂ ಆ ಎಂಟನ್ನು ಹೇಗೆ ತಪ್ಪಿಸುವುದು ಅನ್ನುವ ಪ್ರಶ್ನೆಯಿಂದಲೇ ನೋಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಎರಡನೇ ಲೆಕ್ಕ ಗ್ರೂಪ್‌ದು, ಅಂದರೆ ಬಾಣಗಳು ಒಟ್ಟಾಗಿ ಬೀಳುವ ಗುಂಪಿನದು. ನಿಮ್ಮ ಆರು ಬಾಣ 6 ಸೆಂಟಿಮೀಟರ್ ಅಗಲದ ಒಂದು ವೃತ್ತದೊಳಗೆ ಬೀಳುತ್ತವೆ ಅಂದುಕೊಳ್ಳಿ. ಆ ವೃತ್ತ ನಡುಮಧ್ಯ ಇದ್ದರೆ ಆರೂ ಬಾಣ 10 ಅಥವಾ 9. ಅದೇ ವೃತ್ತ 6 ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಬಾಣಗಳು 9ರಿಂದ 6ರವರೆಗೆ ಹರಡುತ್ತವೆ. ಬಿಟ್ಟವರು ಅವರೇ, ಕೈಚಳಕ ಅಷ್ಟೇ, ಅಂಕ ಮಾತ್ರ ಬಾಣಕ್ಕೆ ಸುಮಾರು ಎರಡರಂತೆ ಕಡಿಮೆ. ಅಂದರೆ ಚೆನ್ನಾಗಿ ಗುಂಪು ಕೂಡಿಸುವವರು ಸೈಟ್ ತಿರುಗಿಸಲು ಸೋಮಾರಿತನ ಮಾಡಿದರೆ 60 ಬಾಣಕ್ಕೆ 100 ಅಂಕದ ಮೇಲೆ ಹೋಯಿತು. ಅದೇ ಗ್ರೂಪ್ ಇಲ್ಲದವರು ಸೈಟ್ ಎಷ್ಟು ತಿರುಗಿಸಿದರೂ ಏನೂ ಬರುವುದಿಲ್ಲ, ಯಾಕೆಂದರೆ ಸರಿಸಬೇಕಾದ ಗುಂಪೇ ಅಲ್ಲಿ ಇಲ್ಲ. ಮೊದಲು ಗ್ರೂಪ್, ಆಮೇಲೆ ನಡುಮಧ್ಯ. ಈ ಕ್ರಮ ತಪ್ಪಬಾರದು.

ಸೈಟ್ ನಿಯಮ ಸುಲಭ: ಬಾಣ ಹೋದ ಕಡೆಗೇ ಸೈಟ್ ಹೋಗಬೇಕು. ಗುಂಪು ಎಡಕ್ಕೆ ಬಿದ್ದಿದ್ದರೆ ಪಿನ್ (ಸೈಟ್‌ನ ಗುರಿಬಿಂದು) ಎಡಕ್ಕೆ, ಮೇಲೆ ಬಿದ್ದಿದ್ದರೆ ಮೇಲಕ್ಕೆ. ಒಂದು ಬಾಣ ನೋಡಿ ಮುಟ್ಟಬೇಡಿ. ಎರಡು ಎಂಡ್ (ಬಾಣ ತರಲು ಹೋಗುವ ಮೊದಲು ಬಿಡುವ ಒಂದು ಸರದಿಯ ಬಾಣಗಳು) ಆದರೂ ಗುಂಪು ಅದೇ ಜಾಗದಲ್ಲಿ ಬಿದ್ದರೆ ಆಗ ತಿರುಗಿಸಿ.

ಇಷ್ಟಾದ ಮೇಲೆ ಗ್ರೂಪ್ ಯಾಕೆ ಒಡೆಯುತ್ತದೆ ಅನ್ನುವ ವಿಷಯಕ್ಕೆ ಬರೋಣ. ಇಲ್ಲಿ ಒಂದು ಸಣ್ಣ ಗಣಿತ ಕಣ್ಣು ತೆರೆಸುತ್ತದೆ. ಬಾಣದ ಉದ್ದ ಸುಮಾರು 70 ಸೆಂಟಿಮೀಟರ್. ಮುಂದಿನ ತುದಿ ಇದ್ದಲ್ಲೇ ಇದ್ದು, ಹಿಂದಿನ ತುದಿ, ಅಂದರೆ ನಾಕ್, ಕೇವಲ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಬಾಣದ ದಿಕ್ಕು 700ರಲ್ಲಿ 1 ಭಾಗ ತಿರುಗುತ್ತದೆ. 18 ಮೀಟರ್‌ನಲ್ಲಿ ಅದು ಎರಡೂವರೆ ಸೆಂಟಿಮೀಟರ್ ದಾಟುತ್ತದೆ. ಒಂದು ಉಂಗುರಕ್ಕಿಂತ ಜಾಸ್ತಿ! ಒಲಿಂಪಿಕ್ಸ್‌ನ ದೂರವಾದ 70 ಮೀಟರ್‌ನಲ್ಲಿ ಅದೇ 1 ಮಿಲಿಮೀಟರ್ 10 ಸೆಂಟಿಮೀಟರ್ ಆಗುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಫೈನಲ್ ನೆನಪಿದೆಯಲ್ವಾ? ಕೊರಿಯಾದ ಕಿಮ್ ವೂಜಿನ್, ಅಮೆರಿಕದ ಬ್ರೇಡಿ ಎಲಿಸನ್ ಸಮಸಮ ಆಗಿ, ಕೊನೆಗೆ ತಲಾ ಒಂದು ಬಾಣದ ಶೂಟ್ ಆಫ್. ಇಬ್ಬರದೂ 10. ಯಾರ ಬಾಣ ನಡುವಿಗೆ ಹತ್ತಿರ ಅಂತ ಅಳೆದರೆ ಕಿಮ್ 4.9 ಮಿಲಿಮೀಟರ್ ಅಂತರದಲ್ಲಿ ಗೆದ್ದರು. ಮೇಲಿನ ಲೆಕ್ಕದಲ್ಲಿ ಇಟ್ಟು ನೋಡಿದರೆ ಅಷ್ಟು ಅಂತರಕ್ಕೆ ನಾಕ್ ಹತ್ತಿರ 0.05 ಮಿಲಿಮೀಟರ್ ವ್ಯತ್ಯಾಸ ಸಾಕು. ನಮಗೆ ಅಷ್ಟು ಸೂಕ್ಷ್ಮ ಬೇಕಿಲ್ಲ. ಆದರೆ ಗದ್ದದ ಕೆಳಗೆ ಕೈ ಪ್ರತಿ ಸಲವೂ ಅದೇ ಜಾಗಕ್ಕೆ ಬರಬೇಕು ಅಂತ ಕೋಚ್‌ಗಳು ಯಾಕೆ ಅಷ್ಟು ಬಡಿದುಕೊಳ್ಳುತ್ತಾರೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಆ ಜಾಗಕ್ಕೆ ಆಂಕರ್ ಅಂತಾರೆ. ತೋರುಬೆರಳು ದವಡೆಯ ಎಲುಬಿನ ಕೆಳಗೆ ಒತ್ತಿಕೊಂಡು ಕೂರಬೇಕು, ಸ್ಟ್ರಿಂಗ್ ಗದ್ದವನ್ನೂ ಮೂಗಿನ ತುದಿಯನ್ನೂ ಮುಟ್ಟಬೇಕು. ಎರಡು ಕಡೆ ಮುಟ್ಟಿದರೆ ತಲೆ ವಾಲಿದ್ದು ತಕ್ಷಣ ತಿಳಿಯುತ್ತದೆ. ಬಾಯಿ ತೆರೆದರೂ ದವಡೆ ಕೆಳಗೆ ಇಳಿಯುತ್ತದೆ, ಆಂಕರ್ ಅದರ ಜೊತೆ ಇಳಿಯುತ್ತದೆ, ಬಾಣ ಮೇಲೆ ಹೋಗುತ್ತದೆ. ಹಲ್ಲು ಮೆಲ್ಲಗೆ ಕೂಡಿಸಿಕೊಳ್ಳಿ ಅನ್ನುವುದು ಅದಕ್ಕೇ.

ಇನ್ನೊಂದು ವಿಷಯವನ್ನು ಹವ್ಯಾಸಿಗಳು ಪೂರ್ತಿ ಮರೆತುಬಿಡುತ್ತಾರೆ. ಬಿಲ್ಲು ಎಳೆದು ನಿಂತಾಗ ಸ್ಟ್ರಿಂಗ್ ಕಣ್ಣಿನ ಹತ್ತಿರ ಇರುತ್ತದೆ, ಮಸುಕು ಗೆರೆಯ ಹಾಗೆ ಕಾಣುತ್ತದೆ. ಆ ಮಸುಕು ಗೆರೆ ಎಲ್ಲಿ ಕಾಣುತ್ತಿದೆ? ಸೈಟ್‌ನ ಉಂಗುರದ ಬಲ ಅಂಚಿನಲ್ಲೋ, ರೈಸರ್‌ನ (ಬಿಲ್ಲಿನ ನಡುವಿನ ಗಟ್ಟಿ ಭಾಗದ) ಒಳ ಅಂಚಿನಲ್ಲೋ? ಎಲ್ಲಿದ್ದರೂ ತೊಂದರೆ ಇಲ್ಲ. ಪ್ರತಿ ಬಾಣಕ್ಕೂ ಅಲ್ಲೇ ಇರಬೇಕು. ಬಂದೂಕಿನಲ್ಲಿ ಹಿಂದೆ ಒಂದು ಸೈಟ್, ಮುಂದೆ ಒಂದು ಸೈಟ್ ಇರುತ್ತದೆ. ರಿಕರ್ವ್‌ನಲ್ಲಿ ಹಿಂದಿನ ಸೈಟ್ ಇಲ್ಲ, ಆ ಕೆಲಸವನ್ನು ಈ ಮಸುಕು ಗೆರೆಯೇ ಮಾಡಬೇಕು. ಪಿನ್ ಹಳದಿಯ ಮೇಲೆ ಸರಿಯಾಗಿ ಕೂತಿದ್ದರೂ ಬಾಣ ಒಮ್ಮೆ ಎಡ, ಒಮ್ಮೆ ಬಲ ಬೀಳುತ್ತಿದ್ದರೆ ಮೊದಲು ಇದನ್ನು ನೋಡಿ. ಖರ್ಚಿಲ್ಲದೆ ಅಂಕ ತರುವ ಉಪಾಯ ಇಷ್ಟು ಸುಲಭದ್ದು ಇನ್ನೊಂದಿಲ್ಲ.

ಈಗ ಬಿಡುವ ಕೈ. ನಮ್ಮ ಜೊತೆ ಅಭ್ಯಾಸ ಮಾಡುವ ಧಾರವಾಡದ ಕಾಕಾ ಒಬ್ಬರಿದ್ದಾರೆ. ಅವರು ಯಾರ ಬಾಣ ಎಲ್ಲಿ ಬಿತ್ತು ಅಂತ ನೋಡುವುದೇ ಇಲ್ಲ, ಬಾಣ ಬಿಟ್ಟ ಮೇಲೆ ಬಲಗೈ ಎಲ್ಲಿ ಹೋಯಿತು ಅಂತ ಮಾತ್ರ ನೋಡುತ್ತಾರೆ. ಒಂದು ಭಾನುವಾರ ಉಡುಪಿಯ ಹುಡುಗನೊಬ್ಬನ ಹಿಂದೆ ನಿಂತು ಒಂದು ಎಂಡ್ ಪೂರ್ತಿ ನೋಡಿದರು. ಮೂರನೇ ಬಾಣಕ್ಕೆ ಅವನ ಕೈ ಗದ್ದದಿಂದ ಹೊರಕ್ಕೆ, ಬಲಗಡೆಗೆ ಚಿಮ್ಮಿತು. "ತಮ್ಮಾ, ಅದು ಎಡಕ್ಕ ಹೋತು ನೋಡು" ಅಂದರು. ದೂರದರ್ಶಕದಲ್ಲಿ ನೋಡಿದರೆ ನೀಲಿಯಲ್ಲಿ, ಎಡಗಡೆ. "ನೀವು ನೋಡಲೇ ಇಲ್ಲವಲ್ಲ ಕಾಕಾ, ಹೇಗೆ ಗೊತ್ತಾಯ್ತು?" ಅಂತ ಅವನು ಕೇಳಿದ. "ಕೈ ಹೇಳ್ತದಪಾ. ನೀ ಸ್ಟ್ರಿಂಗ್ ಬಿಟ್ಟಿಲ್ಲ, ಕಿತ್ತಿ."

ಅದರ ಹಿಂದಿನ ಕಾರಣ ಹೀಗಿದೆ. ಬೆರಳುಗಳನ್ನು ಬೇಕಂತಲೇ ತೆರೆಯಲು ಹೋದರೆ ಅವು ಸ್ಟ್ರಿಂಗನ್ನು ಹೊರಕ್ಕೆ ತಳ್ಳುತ್ತವೆ. ಸ್ಟ್ರಿಂಗ್ ಹೊರಗಿನಿಂದ ಒಳಕ್ಕೆ ಬಳುಕುತ್ತಾ ಮುಂದೆ ಹೋಗುತ್ತದೆ, ಅದರ ಜೊತೆ ಬಾಣದ ಹಿಂಭಾಗವೂ ಅಲುಗುತ್ತದೆ. ಬೆರಳಿಂದ ಬಿಟ್ಟಾಗ ಸ್ವಲ್ಪ ಬಳುಕು ಇದ್ದೇ ಇರುತ್ತದೆ, ಬಾಣವೂ ಅದಕ್ಕೆ ತಕ್ಕಂತೆ ಬಾಗಿ ನೆಟ್ಟಗಾಗುತ್ತಾ ಹಾರುವ ಹಾಗೆ ಮಾಡಿರುತ್ತಾರೆ. ತೊಂದರೆ ಬರುವುದು ಆ ಬಳುಕು ಪ್ರತಿ ಸಲ ಬೇರೆ ಬೇರೆ ಆದಾಗ. ಬೆನ್ನಿನ ಸ್ನಾಯುಗಳು ಎಳೆಯುತ್ತಲೇ ಇರಬೇಕು, ಬೆರಳು ಸಡಿಲವಾಗಬೇಕು ಅಷ್ಟೇ. ಆಗ ಕೈ ತಾನಾಗಿಯೇ ಕುತ್ತಿಗೆಯ ಪಕ್ಕದಲ್ಲಿ ಹಿಂದಕ್ಕೆ ಜಾರುತ್ತದೆ. ಬಿಟ್ಟ ಮೇಲೆ ಬೆರಳು ಕಿವಿಯ ಕೆಳಗೆ ಕುತ್ತಿಗೆಗೆ ತಾಗಿಕೊಂಡು ನಿಂತರೆ ಸರಿ. ಗಾಳಿಯಲ್ಲಿ ಕಿವಿಯಿಂದ ದೂರ ನಿಂತರೆ ಕಿತ್ತಿದ್ದೀರಿ ಅಂತ ಅರ್ಥ. ಕೈ ಇದ್ದಲ್ಲೇ ಸತ್ತಂತೆ ನಿಂತರೆ ಅಥವಾ ಮುಂದಕ್ಕೆ ಹೋದರೆ ಎಳೆತ ಕೊನೆಯಲ್ಲಿ ಕುಸಿದಿದೆ. ಆ ಬಾಣ ಕೆಳಗೆ ಬೀಳುತ್ತದೆ.

ಬಿಲ್ಲು ಹಿಡಿದ ಕೈಯದು ಇದಕ್ಕಿಂತ ಸಣ್ಣ ಕಥೆ, ಆದರೆ ಅಷ್ಟೇ ಮುಖ್ಯ. ಬಿಲ್ಲನ್ನು ಹಿಡಿಯಬಾರದು, ಹೆಬ್ಬೆರಳ ಬುಡದ ಮೆತ್ತನೆ ಭಾಗದ ಮೇಲೆ ಅದು ಒರಗಬೇಕು. ಬಿದ್ದುಹೋಗುತ್ತದೆ ಅನ್ನುವ ಹೆದರಿಕೆಯಿಂದ ಬಿಡುವ ಗಳಿಗೆಗೆ ಮುಷ್ಟಿ ಕಟ್ಟಿದರೆ ಬಿಲ್ಲು ತಿರುಚಿಕೊಂಡು ಬಾಣ ಪಕ್ಕಕ್ಕೆ ಹೋಗುತ್ತದೆ. ಬಿಲ್ಲು ಬೀಳದಂತೆ ಬೆರಳಿಗೆ ಕಟ್ಟುವ ದಾರ, ಅಂದರೆ ಫಿಂಗರ್ ಸ್ಲಿಂಗ್, ಕಟ್ಟಿಕೊಂಡರೆ ಆ ಹೆದರಿಕೆಯೇ ಇರುವುದಿಲ್ಲ. ಒಂದು ಹಳೇ ಶೂ ಲೇಸ್ ಇದ್ದರೂ ಸಾಕು. ಮತ್ತೆ ಬಾಣ ಎಲ್ಲಿ ಹೋಯಿತು ಅಂತ ಬಗ್ಗಿ ನೋಡುವ ಅವಸರದಲ್ಲಿ ತೋಳು ಕೆಳಗೆ ಇಳಿಸಬೇಡಿ. ಬಾಣ ಗುರಿಗೆ ಬಡಿದ ಸದ್ದು ಕೇಳುವವರೆಗೆ ತೋಳು ಅಲ್ಲೇ ಇರಲಿ.

ಪಿನ್ ಹಳದಿಗೆ ಬಂದ ತಕ್ಷಣ ಕೈ ತಾನೇ ಬಿಟ್ಟುಬಿಡುವುದು, ಅಥವಾ ಪಿನ್ ಹಳದಿಗೆ ಹೋಗಲೇ ಒಪ್ಪದೆ ಕೆಳಗೆ ಅಂಟಿಕೊಳ್ಳುವುದು, ಇದನ್ನು ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ. ಎಂಥ ಅನುಭವಿಗಳಿಗೂ ಬರುತ್ತದೆ, ನಾಚಿಕೆ ಪಡುವಂಥದ್ದೇನಲ್ಲ. ಇದಕ್ಕೆ ಮದ್ದು ಕಾಗದದ ಮುಖವನ್ನು ತೆಗೆದುಬಿಡುವುದು. ಮೂರ್ನಾಲ್ಕು ಮೀಟರ್ ಹತ್ತಿರ ನಿಂತು ಬರೀ ಹುಲ್ಲಿನ ಅಥವಾ ಫೋಮ್ ಬಟ್‌ಗೆ (ಕಾಗದದ ಮುಖ ಅಂಟಿಸುವ ದಪ್ಪ ಹಲಗೆಗೆ) ಬಾಣ ಬಿಡಿ. ಗುರಿ ಇಲ್ಲ, ಅಂಕ ಇಲ್ಲ. ಎಳೆತ, ಬೆನ್ನು, ಬಿಡುವುದು, ಇಷ್ಟನ್ನೇ ಗಮನಿಸಿ. ನಾಲ್ಕೈದು ಬಾಣ ಆದ ಮೇಲೆ ಕಣ್ಣು ಮುಚ್ಚಿ ಬಿಟ್ಟು ನೋಡಿ, ಪಕ್ಕದಲ್ಲಿ ಒಬ್ಬರು ನಿಂತಿರಲಿ. ಹವ್ಯಾಸಿಗಳಿಗೆ ಇದು ಬೋರ್ ಅನಿಸುತ್ತದೆ, ಅದಕ್ಕೇ ಯಾರೂ ಮಾಡುವುದಿಲ್ಲ. ಆದರೆ ವಾರಕ್ಕೆ ಎರಡೇ ದಿನ ಸಿಗುವವರಿಗೆ ಅಭ್ಯಾಸದ ಮೊದಲ ಅರ್ಧ ಗಂಟೆಯನ್ನು ಹೀಗೆ ಕಳೆಯುವುದಕ್ಕಿಂತ ಲಾಭದ ಕೆಲಸ ನನಗೆ ಕಂಡಿಲ್ಲ.

ಬಿಲ್ಲಿನ ತೂಕದ, ಅಂದರೆ ಅದನ್ನು ಪೂರ್ತಿ ಎಳೆಯಲು ಬೇಕಾದ ಬಲದ ವಿಷಯಕ್ಕೆ ಬಂದರೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಪುಣೆಯ ಆರ್ಮಿ ಸ್ಪೋರ್ಟ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಳಗಿದ ತರುಣ್‌ದೀಪ್ ರಾಯ್, ಪ್ರವೀಣ್ ಜಾಧವ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದವರು. ಆ ಮಟ್ಟದ ಪುರುಷರು ಸಾಮಾನ್ಯವಾಗಿ 45 ಪೌಂಡ್, ಅದಕ್ಕೂ ಮೇಲಿನ ಬಿಲ್ಲು ಎಳೆಯುತ್ತಾರೆ. ಅದನ್ನು ನೋಡಿ ವಾರಾಂತ್ಯದವರೂ 38, 40 ಪೌಂಡ್ ಕೊಂಡುಬಿಡುತ್ತಾರೆ. ಅವರು ದಿನಾ ನೂರಾರು ಬಾಣ ಬಿಡುವವರು ಅನ್ನುವುದು ನೆನಪಿರುವುದಿಲ್ಲ. ಲೆಕ್ಕ ಹಾಕಿ ನೋಡಿ: 30 ಪೌಂಡ್ ಅಂದರೆ 13.6 ಕಿಲೋ. ಹೊರಾಂಗಣದ 72 ಬಾಣದ ಸುತ್ತಿನಲ್ಲಿ ಅದನ್ನು 72 ಸಲ ಎಳೆದರೆ ಸುಮಾರು 980 ಕಿಲೋ. ಶುರುವಿನ ಅಭ್ಯಾಸದ ಬಾಣ, ಎಳೆದು ವಾಪಸ್ ಇಳಿಸಿದ್ದು ಬೇರೆ. 30 ಪೌಂಡ್‌ಗೇ ಒಂದು ಟನ್ ಹತ್ತಿರ ಬಂತು!

ಭಾರ ಜಾಸ್ತಿಯಾದರೆ ಮೊದಲು ಕುಸಿಯುವುದು ಆಂಕರ್. ಸುಸ್ತಾದಾಗ ಅರ್ಧ ಇಂಚು ಕಡಿಮೆ ಎಳೆಯುತ್ತೀರಿ, ನಿಮಗೆ ಗೊತ್ತೂ ಆಗುವುದಿಲ್ಲ. ರಿಕರ್ವ್‌ನಲ್ಲಿ ಇಂಚಿಗೆ ಸುಮಾರು ಎರಡು ಪೌಂಡ್ ವ್ಯತ್ಯಾಸ ಬರುತ್ತದೆ, ಅಂದರೆ ಅರ್ಧ ಇಂಚಿಗೆ ಒಂದು ಪೌಂಡ್ ಹೋಯಿತು, ಬಾಣ ಕೆಳಗೆ ಬಿತ್ತು. ಕ್ಲಿಕರ್ ಇರುವುದು ಇದನ್ನು ತಡೆಯಲಿಕ್ಕೇ. ಪೂರ್ತಿ ಎಳೆದಾಗ ಮಾತ್ರ ಟಕ್ ಅನ್ನುವ ಸಣ್ಣ ಪಟ್ಟಿ ಅದು. ಆದರೆ ಭಾರದ ಬಿಲ್ಲಿಗೆ ಕ್ಲಿಕರ್ ಹಾಕಿದರೆ ಅದು ಟಕ್ ಅನ್ನಲಿ ಅಂತ ಕಾಯುತ್ತಾ ಕೈ ನಡುಗುವುದೇ ಹೆಚ್ಚು. ನಿಮ್ಮ ಬಿಲ್ಲನ್ನು ಪೂರ್ತಿ ಎಳೆದು ಅರ್ಧ ನಿಮಿಷ ಹಿಡಿದು, ಮೆಲ್ಲಗೆ ಇಳಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಅದೇ ಮಾಡಿ. ಎರಡು ಮೂರು ಸಲಕ್ಕೇ ಆಗುತ್ತಿಲ್ಲ ಅಂದರೆ ಅಷ್ಟು ಭಾರ ನಿಮಗೆ ಈಗ ಬೇಡ. ಇಳಿಸುವಾಗ ಎಚ್ಚರ, ಬಾಣ ಇಲ್ಲದೆ ಸ್ಟ್ರಿಂಗ್ ಕೈ ಜಾರಿದರೆ ಲಿಂಬ್ (ಬಿಲ್ಲಿನ ಬಾಗುವ ಭಾಗ) ಸೀಳಬಹುದು.

ಉಪಕರಣದಲ್ಲಿ ಸ್ಟೆಬಿಲೈಸರ್, ಬಣ್ಣ, ಬ್ರ್ಯಾಂಡ್ ಇವುಗಳ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಅವು ಅಂಕ ತರುವುದು ಆಮೇಲೆ. ಬಾಣದ ಬಗ್ಗೆ ಮಾತ್ರ ಹೇಳಲೇಬೇಕು. ಬಾಣದ ಗಡಸುತನಕ್ಕೆ ಸ್ಪೈನ್ ಅಂತಾರೆ, ಅದು ಬಿಲ್ಲಿನ ಭಾರಕ್ಕೂ ಬಾಣದ ಉದ್ದಕ್ಕೂ ಹೊಂದಬೇಕು. ಹೊಂದಿದೆಯೋ ಇಲ್ಲವೋ ನೋಡಲು ಒಂದು ಒಳ್ಳೆಯ ಪರೀಕ್ಷೆ ಇದೆ. ಎರಡು ಬಾಣಗಳ ಪ್ಲಾಸ್ಟಿಕ್ ರೆಕ್ಕೆ ತೆಗೆದುಹಾಕಿ, ರೆಕ್ಕೆ ಇರುವ ಬಾಣಗಳ ಜೊತೆ 18 ಮೀಟರ್‌ನಿಂದ ಬಿಡಿ. ರೆಕ್ಕೆ ಇರುವುದು ಹಾರಾಟದ ತಪ್ಪನ್ನು ತಿದ್ದಲು. ರೆಕ್ಕೆ ಇಲ್ಲದ್ದು ತಪ್ಪನ್ನು ಇದ್ದಂತೆ ತೋರಿಸುತ್ತದೆ. ಬೋಳು ಬಾಣ ಗುಂಪಿನ ಎಡಕ್ಕೆ ಬಿದ್ದರೆ ಬಾಣ ನಿಮ್ಮ ಬಿಲ್ಲಿಗೆ ಗಡಸು, ಬಲಕ್ಕೆ ಬಿದ್ದರೆ ಮೆದು. ಗುಂಪಿಗಿಂತ ಮೇಲೆ ಬಿದ್ದರೆ ನಾಕಿಂಗ್ ಪಾಯಿಂಟ್ (ಸ್ಟ್ರಿಂಗ್ ಮೇಲೆ ಬಾಣ ಸಿಕ್ಕಿಸುವ ಜಾಗ) ಕೆಳಗಿದೆ, ಮೇಲಕ್ಕೆ ಸರಿಸಿ. ಕೆಳಗೆ ಬಿದ್ದರೆ ಕೆಳಕ್ಕೆ ಸರಿಸಿ. ಸ್ವಲ್ಪ ಗಡಸು, ಸ್ವಲ್ಪ ಮೆದು ಇದ್ದರೆ ಬಾಣದ ಪಕ್ಕಕ್ಕೆ ಆನಿಕೊಳ್ಳುವ ಪ್ಲಂಜರ್ ಬಟನ್‌ನ ಸ್ಪ್ರಿಂಗ್‌ನಲ್ಲಿ ಸರಿ ಮಾಡಬಹುದು. ಗಡಸಾದರೆ ಸ್ಪ್ರಿಂಗ್ ಸಡಿಲಿಸಿ, ಮೆದುವಾದರೆ ಬಿಗಿ ಮಾಡಿ. ಆದರೆ ಬೋಳು ಬಾಣಗಳೇ ಒಂದು ಇಲ್ಲಿ, ಒಂದು ಅಲ್ಲಿ ಬೀಳುತ್ತಿದ್ದರೆ ಈ ಪರೀಕ್ಷೆ ಬಿಟ್ಟು ಇನ್ನಷ್ಟು ದಿನ ಬಟ್ ಮುಂದೆ ನಿಲ್ಲುವುದು ಒಳ್ಳೆಯದು.

ಅದಕ್ಕಿಂತಲೂ ಸುಲಭದ್ದು ಬಾಣಕ್ಕೆ ನಂಬರ್ ಹಾಕುವುದು. ಮಾರ್ಕರ್ ತೆಗೆದುಕೊಂಡು ಪ್ರತಿ ಬಾಣದ ಮೇಲೆ 1ರಿಂದ 12 ಬರೆಯಿರಿ. ಒಂದು ಕಾಗದದಲ್ಲಿ ಗುರಿಯ ಚಿತ್ರ ಬರೆದು, ಪ್ರತಿ ಎಂಡ್ ಆದ ಮೇಲೆ ಯಾವ ನಂಬರ್ ಎಲ್ಲಿ ಬಿತ್ತು ಅಂತ ಗುರುತು ಮಾಡಿ. ಎರಡು ಮೂರು ದಿನದ ಅಭ್ಯಾಸದಲ್ಲಿ ಒಂದು ನಂಬರ್ ಮತ್ತೆ ಮತ್ತೆ ಗುಂಪಿನ ಹೊರಗೇ, ಅದೂ ಒಂದೇ ಕಡೆ ಬಿದ್ದಿರುವುದು ಕಾಣಬಹುದು. ಆ ಬಾಣವನ್ನು ಎತ್ತಿ ನೋಡಿ. ನಾಕ್ ಸಡಿಲ ಇರುತ್ತದೆ, ಒಂದು ರೆಕ್ಕೆ ಬುಡದಲ್ಲಿ ಬಿಟ್ಟಿರುತ್ತದೆ, ಮುಂದಿನ ಲೋಹದ ತುದಿ ಅಲ್ಲಾಡುತ್ತಿರುತ್ತದೆ, ಇಲ್ಲವೇ ಅಂಗೈ ಮೇಲೆ ತಿರುಗಿಸಿದರೆ ತುದಿ ನಡುಗುವಷ್ಟು ಬಾಗಿರುತ್ತದೆ. ಕಾರ್ಬನ್ ಬಾಣವಾದರೆ ಮೆಲ್ಲಗೆ ಬಗ್ಗಿಸಿ ಕಿವಿಗೆ ಹಿಡಿದು ಕೇಳಿ. ಚಟಚಟ ಅಂದರೆ ಸೀಳಿದೆ, ಅದನ್ನು ಮುರಿದು ಎಸೆಯಿರಿ. ಸೀಳಿದ ಕಾರ್ಬನ್ ಬಿಡುವಾಗ ಒಡೆದರೆ ಚೂರುಗಳು ಕೈಗೇ ನುಗ್ಗುತ್ತವೆ. ಮೇಲೆ ಹೇಳಿದ ಎಂಟು ಕೆಟ್ಟ ಬಾಣಗಳಲ್ಲಿ ಎರಡು ಮೂರು ಹೀಗೆ ಒಂದೇ ನಂಬರಿನವು ಆಗಿದ್ದರೆ ನೀವು ದೋಷ ಹುಡುಕಬೇಕಾದ್ದು ನಿಮ್ಮ ಕೈಯಲ್ಲಿ ಅಲ್ಲ.

ಬ್ರೇಸ್ ಹೈಟ್ ಮರೆಯಬೇಡಿ. ಹೆದೆ ಏರಿಸಿದ ಮೇಲೆ ಹಿಡಿಯ ಒಳಭಾಗದಿಂದ ಸ್ಟ್ರಿಂಗ್‌ವರೆಗಿನ ದೂರ ಅದು. 68 ಇಂಚಿನ ಬಿಲ್ಲಿಗೆ ಸುಮಾರು 8.5ರಿಂದ 9.25 ಇಂಚು. ಹೊಸ ಸ್ಟ್ರಿಂಗ್ ಸ್ವಲ್ಪ ಹಿಗ್ಗುತ್ತದೆ, ಆಗ ಈ ದೂರ ಕಡಿಮೆಯಾಗಿ ಬಾಣ ಬೀಳುವ ಜಾಗವೇ ಬದಲಾಗುತ್ತದೆ. ಸ್ಟ್ರಿಂಗ್‌ಗೆ ನಾಲ್ಕು ಸುತ್ತು ಹೆಚ್ಚು ಕೊಟ್ಟರೆ ಮತ್ತೆ ಏರುತ್ತದೆ. ಪ್ರತಿ ಸಲ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ.

ಸ್ಪರ್ಧೆಯ ದಿನ. ನಿಯಮ ಗೊತ್ತಿಲ್ಲದೆ ಕಳೆದುಕೊಳ್ಳುವ ಅಂಕಕ್ಕಿಂತ ಹೊಟ್ಟೆ ಉರಿಸುವಂಥದ್ದು ಇನ್ನೊಂದಿಲ್ಲ. ಬಾಣ ಎರಡು ಉಂಗುರದ ನಡುವಿನ ಗೆರೆಯನ್ನು ಮುಟ್ಟಿದ್ದರೆ ದೊಡ್ಡ ಅಂಕ ನಿಮ್ಮದು. ಆದರೆ ಅಂಕ ಬರೆಯುವ ಮೊದಲು ಬಾಣವನ್ನಾಗಲಿ ಕಾಗದವನ್ನಾಗಲಿ ಮುಟ್ಟಬಾರದು. ಅನುಮಾನ ಬಂದರೆ ಜಡ್ಜ್ ಕರೆಯಿರಿ, ಸಂಕೋಚ ಬೇಡ. ಬಾಣ ಕಿತ್ತ ಮೇಲೆ ಯಾರೂ ಏನೂ ಮಾಡಲಾಗುವುದಿಲ್ಲ. ಪ್ರತಿ ಎಂಡ್ ಆದ ಮೇಲೆ ಎಲ್ಲ ತೂತಿಗೂ ಪೆನ್‌ನಲ್ಲಿ ಗುರುತು ಹಾಕಿ. ಮುಂದೆ ಯಾರದಾದರೂ ಬಾಣ ಬಡಿದು ಹಿಂದೆ ಪುಟಿದು ಬಿದ್ದರೆ, ಗುರುತಿಲ್ಲದ ಹೊಸ ತೂತನ್ನು ನೋಡಿಯೇ ಅಂಕ ಕೊಡುವುದು. ಎಂಡ್‌ಗೆ ನಿಗದಿಗಿಂತ ಒಂದು ಬಾಣ ಜಾಸ್ತಿ ಬಿಟ್ಟರೆ ಕಡಿಮೆ ಅಂಕದವನ್ನೇ ಎಣಿಸುತ್ತಾರೆ. ಸೀಟಿ ಎರಡು ಸಲ ಊದಿದರೆ ಗೆರೆಗೆ ಬನ್ನಿ, ಒಂದು ಸಲಕ್ಕೆ ಶುರು, ಮೂರು ಸಲಕ್ಕೆ ಬಾಣ ತರಲು ಹೋಗಿ. ಅಭ್ಯಾಸದಲ್ಲೂ ಮೊಬೈಲ್‌ನಲ್ಲಿ ಟೈಮರ್ ಇಟ್ಟುಕೊಂಡು ಬಿಟ್ಟು ನೋಡಿದವರಿಗೆ ಗಡಿಯಾರ ಕಂಡರೆ ಗಾಬರಿ ಆಗುವುದಿಲ್ಲ.

ಎಳೆದು ನಿಂತಾಗ ಏನೋ ಸರಿ ಇಲ್ಲ ಅನಿಸಿದರೆ ಇಳಿಸಿಬಿಡಿ. ಇಳಿಸಿದ್ದಕ್ಕೆ ಯಾವ ದಂಡವೂ ಇಲ್ಲ, ಸ್ವಲ್ಪ ಸಮಯ ಹೋಗುತ್ತದೆ ಅಷ್ಟೇ. ಆ ಎಂಟು ಕೆಟ್ಟ ಬಾಣಗಳಲ್ಲಿ ಹೆಚ್ಚಿನವು ಬಿಡುವ ಮೊದಲೇ ಕೆಟ್ಟವು ಅಂತ ಬಿಡುವವರಿಗೆ ಗೊತ್ತಿರುತ್ತದೆ, ಆದರೂ ಎಳೆದಾಗಿದೆ ಅಂತ ಬಿಟ್ಟುಬಿಡುತ್ತಾರೆ. ಅಭ್ಯಾಸದಲ್ಲಿ ಎಂಡ್‌ಗೆ ಒಂದು ಸಲವಾದರೂ ಬೇಕಂತಲೇ ಇಳಿಸಿ, ಮತ್ತೆ ಎಳೆಯಿರಿ. ಸ್ಪರ್ಧೆಯಲ್ಲಿ ಆಗ ಕೈಗೆ ಅದು ಹೊಸದಾಗಿರುವುದಿಲ್ಲ.

2023ರಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸಾತಾರಾ ಜಿಲ್ಲೆಯ ಅದಿತಿ ಸ್ವಾಮಿ 17ನೇ ವಯಸ್ಸಿಗೆ ಕಾಂಪೌಂಡ್‌ನಲ್ಲಿ ಗೆದ್ದರು. ಅದೇ ದಿನ ನಾಗಪುರದ ಓಜಸ್ ದೇವತಳೆ ಕಾಂಪೌಂಡ್ ಪುರುಷರ ಫೈನಲ್‌ನಲ್ಲಿ 150ಕ್ಕೆ 150 ಹೊಡೆದರು. ಎದುರಾಳಿಯದು 149! 15 ಬಾಣದಲ್ಲಿ ಒಂದೇ ಒಂದು 9, ಅಷ್ಟಕ್ಕೆ ಪದಕದ ಬಣ್ಣ ಬದಲಾಯಿತು. ನಾವು ಊರಿಗೆ ಹೋಗುವಾಗ ಬಸ್ಸು ಊಟಕ್ಕೆ ನಿಲ್ಲುವ ಸಾತಾರಾ ಅದು, ನೆನೆದರೆ ಖುಷಿಯಾಗುತ್ತದೆ. ಆ ಫೈನಲ್‌ನ ವಿಡಿಯೋ ಸಿಕ್ಕರೆ ಅಂಕ ಬಿಟ್ಟು ಓಜಸ್ ಅವರ ಬಾಣಗಳ ನಡುವಿನ ಸಮಯ ನೋಡಿ. ಪ್ರತಿ ಬಾಣಕ್ಕೂ ಅದೇ ಉಸಿರು, ಅದೇ ಕ್ರಮ.

ಹವಾಮಾನ ನಮ್ಮ ಕಡೆ ದೊಡ್ಡ ಆಟಗಾರ. ಮುಂಬೈ, ಗೋವಾದ ಬಯಲಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಗಾಳಿ ಜೋರಾಗುತ್ತದೆ, ಬೆಳಗ್ಗೆ ಇಟ್ಟ ಸೈಟ್ ಆಗ ಕೆಲಸಕ್ಕೆ ಬರುವುದಿಲ್ಲ. ಗಾಳಿ ಒಂದೇ ಸಮ ಬೀಸುತ್ತಿದ್ದರೆ ಸೈಟ್ ಸರಿಸಿ. ಬಿಟ್ಟು ಬಿಟ್ಟು ಬೀಸುತ್ತಿದ್ದರೆ ಸೈಟ್ ಮುಟ್ಟದೆ ಗಾಳಿ ಬರುವ ಕಡೆಗೆ ಒಂದು ಉಂಗುರ ಸರಿದು ಗುರಿ ಇಡಿ. ಗುರಿಯ ಮೇಲಿರುವ ಸಣ್ಣ ಬಾವುಟ ನೋಡುವ ಅಭ್ಯಾಸ ಇರಲಿ. ಬೆವರಿಗೆ ಟ್ಯಾಬ್‌ನ (ಎಳೆಯುವ ಬೆರಳುಗಳಿಗೆ ಹಾಕುವ ಪಟ್ಟಿಯ) ಚರ್ಮ ಒದ್ದೆಯಾದರೆ ರಿಲೀಸ್, ಅಂದರೆ ಸ್ಟ್ರಿಂಗ್ ಬಿಡುವುದು, ಅಂಟುತ್ತದೆ, ಆದ್ದರಿಂದ ಪಳಗಿದ ಇನ್ನೊಂದು ಟ್ಯಾಬ್ ಕಿಟ್‌ನಲ್ಲಿ ಇರಬೇಕು. ಸ್ಟ್ರಿಂಗ್‌ಗೆ ಮೇಣ ಹಚ್ಚಿ. ಉಪ್ಪುಗಾಳಿಯಲ್ಲಿ ಆಡಿ ಬಂದ ರಾತ್ರಿಯೇ ಸೈಟ್‌ನ ಸ್ಕ್ರೂ ಒರೆಸಿ ಒಂದು ಹನಿ ಎಣ್ಣೆ ಬಿಡಿ. ಎಕ್ಸ್‌ಪ್ರೆಸ್‌ವೇಯಲ್ಲಿ ತಿಂಡಿಗೆ ನಿಂತಾಗ ಬಿಲ್ಲನ್ನು ಬಿಸಿಲಿನ ಕಾರಿನಲ್ಲಿ ಬಿಡಬೇಡಿ, ಪದರ ಅಂಟಿಸಿದ ಲಿಂಬ್‌ಗೆ ಆ ಶಾಖ ಒಳ್ಳೆಯದಲ್ಲ.

ಮನೆಗೆ ಬಂದ ಮೇಲೆ ಸ್ಕೋರ್ ಹಾಳೆಯ ಒಟ್ಟು ಮೊತ್ತ ಬಿಟ್ಟು ಎಂಡ್‌ಗಳನ್ನು ಸಾಲಾಗಿ ಓದಿ. ಮೊದಲ ಮೂರ್ನಾಲ್ಕು ಎಂಡ್ ಮಾತ್ರ ಕಡಿಮೆ ಇದ್ದರೆ ಮೈ ಬಿಸಿ ಮಾಡಿಕೊಳ್ಳದೆ ನಿಂತಿದ್ದೀರಿ, ಅಥವಾ ಸೈಟ್ ತಡವಾಗಿ ಸರಿಸಿದ್ದೀರಿ. ಮುಂದಿನ ಸಲ ಅರ್ಧ ಗಂಟೆ ಮುಂಚೆ ಹೋಗಿ. ಕೊನೆಯ ಮೂರರಲ್ಲಿ ಒಂದು ಭಾಗ ಇಳಿಜಾರಾಗಿದ್ದರೆ ಬಿಲ್ಲು ಭಾರ, ಇಲ್ಲವೇ ನೀರು, ಊಟ ಸಾಲಲಿಲ್ಲ. ಕೆಟ್ಟ ಬಾಣದ ಹಿಂದೆಯೇ ಇನ್ನೊಂದು ಕೆಟ್ಟ ಬಾಣ ಇದ್ದರೆ ಮೊದಲನೆಯದನ್ನು ಮನಸ್ಸಿನಲ್ಲಿ ಹೊತ್ತುಕೊಂಡೇ ಎರಡನೆಯದನ್ನು ಎಳೆದಿದ್ದೀರಿ. ಮುಂದಿನ ವಾರ ಅಭ್ಯಾಸದಲ್ಲಿ ಪ್ರತಿ ಕೆಟ್ಟ ಬಾಣದ ನಂತರ ಗೆರೆಯಿಂದ ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನಿಲ್ಲಿ. ಕೆಟ್ಟ ಬಾಣಗಳು ಅಲ್ಲೊಂದು ಇಲ್ಲೊಂದು ಯಾವ ಕ್ರಮವೂ ಇಲ್ಲದೆ ಬಿದ್ದಿದ್ದರೆ, ಬಾಣದ ನಂಬರ್ ಬರೆದ ಕಾಗದವನ್ನು ಪಕ್ಕದಲ್ಲಿ ಇಟ್ಟುಕೊಂಡು ಹೋಲಿಸಿ ನೋಡಿ, ಅಲ್ಲೂ ಏನೂ ಸಿಗದಿದ್ದರೆ ಉಳಿದಿದ್ದು ರಿಲೀಸ್ ಒಂದೇ, ಮುಂದಿನ ಭಾನುವಾರ ಕಾಗದದ ಮುಖ ಹಾಕದೆ ಬಟ್ ಮುಂದೆ ನಿಂತು ಪಕ್ಕದವರಿಗೆ ನಿಮ್ಮ ಬಲಗೈಯ ವಿಡಿಯೋ ತೆಗೆಯಲು ಹೇಳಿ.